ಹೊಳೆ ದಾಟುವ ಕ್ಯಾರಿಬೂ, ಊರಿಗೆಲ್ಲ ಪಾಲು

ಅಲಾಸ್ಕಾದ ಆಂಬ್ಲರ್‌ನಲ್ಲಿ ನಾನು ಶಾಲಾ ಮೇಷ್ಟ್ರು. ಆರ್ಕ್ಟಿಕ್ ವೃತ್ತದ ಆಚೆ, ಕೋಬಕ್ ಹೊಳೆಯ ದಂಡೆಯ ಊರು. ಇನ್ನೂರು ಚಿಲ್ಲರೆ ಜನ, ಹೆಚ್ಚಿನವರು ಇನುಪಿಯಾಟ್, ಇಲ್ಲಿನ ಮೂಲನಿವಾಸಿಗಳು. ಹೊರಗಿನಿಂದ ಬರಲು ರಸ್ತೆ ಇಲ್ಲ. ಅಂಗಡಿಯ ಮಾಂಸ ವಿಮಾನದಲ್ಲಿ ಬರಬೇಕು. ಬೆಲೆ ಕೇಳಿದರೆ ಹಸಿವೇ ಹೋಗುತ್ತದೆ. ಹಾಗಾಗಿ ಇಲ್ಲಿ ಬೇಟೆ ಅಂದರೆ ವರ್ಷದ ದಿನಸಿ ತರುವ ಕೆಲಸ.

ಲೈಸೆನ್ಸ್ ಕೈಗೆ ಬಂದ ಮೇಲೆ ಪಕ್ಕದ ಮನೆಯಣ್ಣ ದೋಣಿ ಹತ್ತಿಸಿಕೊಂಡ. ಹೊಳೆ ಹರಿಯುವ ಕಡೆಗೆ ಸಾಗಿದರೆ ಆನಿಯನ್ ಪೋರ್ಟೇಜ್ ಅಂತ ಒಂದು ತಿರುವು. ಕ್ಯಾರಿಬೂ, ಅಂದರೆ ಕಾಡು ಹಿಮಸಾರಂಗ, ಹಿಂಡಾಗಿ ಹೊಳೆ ದಾಟುವ ಜಾಗ. 8,000 ವರ್ಷಕ್ಕೂ ಹಿಂದಿನಿಂದ ಜನ ಅಲ್ಲಿ ಕಾದು ಕೂತಿದ್ದಾರೆ. ನಾವೂ ಕೂತೆವು. ಮುಂದಾಳು ಕ್ಯಾರಿಬೂಗಳನ್ನು ಮುಟ್ಟಬಾರದು. ಅವು ಬೆದರಿದರೆ ಹಿಂದಿನ ಹಿಂಡೇ ದಾರಿ ಬದಲಿಸುತ್ತದೆ. ಹಿಂಡು ನಡು ಹೊಳೆಗೆ ಬಂದಾಗ ದೋಣಿಯನ್ನು ಪಕ್ಕಕ್ಕೆ ಒಯ್ದು, ಕೊಬ್ಬಿದ ಗಂಡನ್ನು ಆರಿಸಿ, ಹತ್ತಿರದಿಂದ ಪಾಯಿಂಟ್ ಟೂ ಟೂ ಕೋವಿಯಲ್ಲಿ ಒಂದೇ ಗುಂಡು. ಕೂದಲು ಟೊಳ್ಳು, ಹಾಗಾಗಿ ಸತ್ತ ಪ್ರಾಣಿ ಮುಳುಗುವುದಿಲ್ಲ. ಕೊಂಬಿಗೆ ಹಗ್ಗ ಕಟ್ಟಿ ದಡಕ್ಕೆ ಎಳೆದೆವು.

ಅಸಲಿ ಕೆಲಸ ದಡದಲ್ಲಿ. ಮರಳು ಮೆತ್ತದಂತೆ ವಿಲೋ ಸೊಪ್ಪು ಹಾಸಬೇಕು. ಚರ್ಮವನ್ನು ಒಳಗಿನಿಂದ ಹೊರಕ್ಕೆ ಸೀಳಬೇಕು, ಇಲ್ಲದಿದ್ದರೆ ಮಾಂಸದ ತುಂಬ ಕೂದಲು. ಹೊಟ್ಟೆ ಬಿಡಿಸುವಾಗ ಮೂತ್ರಚೀಲ ಒಡೆಯಬಾರದು. ಬೆನ್ನ ಮೇಲಿನ ಬಿಳಿ ಕೊಬ್ಬನ್ನು ಅಣ್ಣ ಬೆರಳಿಟ್ಟು ಅಳೆದು, ಹಾಳೆಯ ಹಾಗೆ ಇಡಿಯಾಗಿ ಎಬ್ಬಿಸಿದ. ಅಕ್ಟೋಬರ್‌ನಲ್ಲಿ ಬೆದೆ ಶುರುವಾದರೆ ಗಂಡಿನ ಮಾಂಸ ನಾತ ಹೊಡೆಯುತ್ತದೆ, ಆಗ ಹೆಣ್ಣನ್ನೇ ಹುಡುಕಬೇಕು.

"ಇದು ನಿನ್ನ ಮೊದಲನೇದು. ಎಲ್ಲಾ ಕೊಟ್ಟುಬಿಡು" ಅಂದ. ನಾಲಿಗೆ, ತಲೆ, ಕೊಬ್ಬು ವಯಸ್ಸಾದ ಅಜ್ಜಿಯ ಮನೆಗೆ. ತೊಡೆಗಳು ಬೇಟೆಗೆ ಹೋಗಲಾಗದ ಮನೆಗಳಿಗೆ. ನಮ್ಮ ಕಡೆ ಹೊಸತೊಡಕಿಗೆ ಗುಡ್ಡೆ ಬಾಡು ಹಾಕುತ್ತಾರಲ್ಲ, ಅದನ್ನು ನೋಡಿ ಬೆಳೆದವನು ನಾನು. ಅಲ್ಲಿ ದುಡ್ಡು ಹಾಕಿದವನಿಗೆ ಗುಡ್ಡೆ. ಇಲ್ಲಿ ದೋಣಿ ಹತ್ತದವರ ಮನೆಗೇ ಮೊದಲು.

ಇದನ್ನು ದಾನ ಅಂತ ಕರೆಯಲು ನನಗೆ ಮನಸ್ಸಿಲ್ಲ. ಅಲಾಸ್ಕಾದ ಹಳ್ಳಿಗಳಲ್ಲಿ ಸುಮಾರು ಶೇ 30ರಷ್ಟು ಮನೆಗಳೇ ಶೇ 70ರಷ್ಟು ಬೇಟೆಯ ಆಹಾರ ತರುತ್ತವೆ ಅಂತ ಇಲ್ಲಿನ ಸರ್ಕಾರಿ ಅಧ್ಯಯನಗಳು ಹೇಳುತ್ತವೆ. ಒಬ್ಬರ ದೋಣಿ, ಇನ್ನೊಬ್ಬರ ಪೆಟ್ರೋಲ್, ಮತ್ತೊಬ್ಬರ ಕೈ. ನಾನು ಸಂಬಳದವನು, ಹಾಗಾಗಿ ಪೆಟ್ರೋಲ್ ನನ್ನದು. ಮಾಂಸ ಕರಾವಳಿಯ ಕೊಟ್ಜೆಬ್ಯೂಗೂ ಹೋಗುತ್ತದೆ, ಅಲ್ಲಿಂದ ಸೀಲ್ ಎಣ್ಣೆ ಬರುತ್ತದೆ. ಒಣಗಿಸಿದ ಮಾಂಸವನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ. ವಾಸನೆ ಜಾಸ್ತಿ, ಆದರೆ ಚಳಿಗಾಲದಲ್ಲಿ ಅದಿಲ್ಲದೆ ಊಟ ಸಪ್ಪೆ.

ಹಂಚುವುದೂ ಈಗ ಸಲೀಸಲ್ಲ. ನಮ್ಮ ಹೊಳೆ ದಾಟುವ ಈ ದೊಡ್ಡ ಹಿಂಡಿನಲ್ಲಿ ಒಟ್ಟು 2003ರಲ್ಲಿ 4,90,000 ಕ್ಯಾರಿಬೂ ಇದ್ದವು. 2023ರ ಎಣಿಕೆಯಲ್ಲಿ ಸುಮಾರು 1,52,000. ಬರುವುದೂ ತಡವಾಗುತ್ತಿದೆ. ಕಾದು ಕಾದು ಪೆಟ್ರೋಲ್ ಖಾಲಿಯಾಗಿ ಬರಿಗೈಲಿ ಬಂದ ದಿನ ಅಜ್ಜಿಯೇ ಫ್ರೀಜರ್‌ನಿಂದ ಒಂದು ಪಕ್ಕೆಲುಬು ತೆಗೆದು ನನ್ನ ಕೈಗಿಟ್ಟರು.