ಏಳು ದಿನಕ್ಕೆ ಒಂದೇ ವೇದಭಾಗ: ಅನುದಿನದ ವಾಕ್ಯ ಕಳಿಸಿ ನಾನು ಕಲಿತ ಲೆಕ್ಕ

ದಿನಾ ಹೊಸ ಬೈಬಲ್ ವಚನ ಕೊಡದಿದ್ದರೆ ಜನ ಕೇಳುವುದಿಲ್ಲ, ವಾರವಿಡೀ ಒಂದೇ ಭಾಗ ಇಟ್ಟರೆ ಮೂರನೇ ದಿನಕ್ಕೇ ಬೇಸರ ಬರುತ್ತದೆ ಎಂದವರು ನಮ್ಮ ಸಭೆಯಲ್ಲೇ ಸಾಕಷ್ಟು ಜನ ಇದ್ದರು. ಆದರೂ ನಾನು ವಾರಕ್ಕೆ ಒಂದೇ ಭಾಗ ಹಿಡಿದು, ಅದರ ವಚನ ಮತ್ತು ಆ ದಿನ ಮಾಡುವ ಒಂದು ಸಣ್ಣ ಕೆಲಸವನ್ನು ಬೆಳಗ್ಗೆ ವಾಟ್ಸಾಪ್ ಧ್ವನಿ ಸಂದೇಶದಲ್ಲಿ ಕಳಿಸುತ್ತೇನೆ; ಮಾಡಿದವರು 1, ಮಾಡದವರು 0 ಎಂದು ರಾತ್ರಿ ಉತ್ತರ ಹಾಕುತ್ತಾರೆ. ಈಗ ಪಟ್ಟಿಯಲ್ಲಿ ಸುಮಾರು 210 ನಂಬರುಗಳಿವೆ, ರಾತ್ರಿ ಉತ್ತರ ಕೊಡುವವರು 120ರ ಆಸುಪಾಸು. ಅಂದು ತಲೆ ಅಲ್ಲಾಡಿಸಿದವರಲ್ಲಿ ಮೂವರು ಈಗ ತಮ್ಮ ಮನೆಕೂಟಗಳಲ್ಲಿ ಇದೇ ಕ್ರಮ ಹಿಡಿದಿದ್ದಾರೆ. ಅನುದಿನದ ಧ್ಯಾನ ಬರೆಯುವುದು, ವಾಟ್ಸಾಪಿನಲ್ಲಿ ಕಳಿಸುವುದು ಇದನ್ನು ಓದುವವರಿಗೆ ಹೊಸದಲ್ಲ. ಹಾಗಾಗಿ ಎಲ್ಲಿ ಕೆಟ್ಟಿತು, ಎಷ್ಟು ದುಡ್ಡು ಹೋಯಿತು ಎನ್ನುವುದರಿಂದಲೇ ಶುರು ಮಾಡುತ್ತೇನೆ.

ಮೊದಲ ದಂಡ ಎಸ್ಎಂಎಸ್‌ನದು. ಇಂಗ್ಲಿಷಿನಲ್ಲಿ ಒಂದು ಎಸ್ಎಂಎಸ್ಸಿಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡಕ್ಕೆ ಬರೀ 70. ಉದ್ದವಾಗಿ ಎರಡು ಮೂರು ತುಂಡಾದರೆ ತುಂಡಿಗೆ 67. ಅದೂ ನಾವು ಎಣಿಸುವ ಅಕ್ಷರವಲ್ಲ. ಒತ್ತು, ಗುಣಿತ, ಮಧ್ಯದ ವಿರಾಮ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತಾರೆ. 'ಕ್ರಿಸ್ತ' ಕಣ್ಣಿಗೆ ಎರಡೇ ಅಕ್ಷರ, ಅವರ ಲೆಕ್ಕದಲ್ಲಿ ಏಳು. ಮಧ್ಯಮ ಗಾತ್ರದ ಒಂದು ವಚನವೇ ಮೂರು ಎಸ್ಎಂಎಸ್ ತಿನ್ನುತ್ತಿತ್ತು. ಅದರ ಮೇಲೆ, ಒಟ್ಟಿಗೆ ಹಲವರಿಗೆ ಎಸ್ಎಂಎಸ್ ಕಳಿಸಲು ಕಳಿಸುವವರ ನೋಂದಣಿ, ಮಾದರಿ ವಾಕ್ಯಕ್ಕೆ ಮೊದಲೇ ಒಪ್ಪಿಗೆ ಬೇಕು. ದಿನಾ ಬದಲಾಗುವ ವಚನಕ್ಕೆ ಮಾದರಿ ಎಲ್ಲಿಂದ ತರುವುದು? ಏಳೆಂಟು ಸಾವಿರ ಹೋದ ಮೇಲೆ ನಿಲ್ಲಿಸಿದೆ.

ಆಮೇಲೆ ಪೋಸ್ಟರ್. ಹೂವು, ಸೂರ್ಯೋದಯ, ಮೇಲೆ ವಾಗ್ದಾನದ ವಚನ. ತಿಂಗಳಿಗೆ 1,200 ಕೊಟ್ಟು ಐದು ತಿಂಗಳು ಮಾಡಿಸಿದೆ. ಪೋಸ್ಟರಿನಲ್ಲಿ ಜಾಗ ಕಡಿಮೆ, ಹಾಗಾಗಿ ವಚನ ತನ್ನ ಅಕ್ಕಪಕ್ಕದಿಂದ ಕಿತ್ತು ಬರುತ್ತದೆ. ಅದರ ನಿಜವಾದ ಕೇಡು ಇದೇ. ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುತ್ತೇನೆ ಎಂಬ ಯೆರೆಮೀಯ 29:11 ಹಾಕದ ಹೊಸವರ್ಷದ ಕಾರ್ಡು ಸಿಗುವುದು ಕಷ್ಟ. ಅದಕ್ಕೆ ಒಂದೇ ವಚನ ಮೊದಲು, ಬಾಬೆಲಿನ ಸೆರೆಯಲ್ಲಿ ಎಪ್ಪತ್ತು ವರ್ಷ ಕಳೆಯಬೇಕು ಎಂಬ ಮಾತಿದೆ. ಅದು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಬಲ ಕೊಡುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಎಂಬ ಫಿಲಿಪ್ಪಿ 4:13 ಪರೀಕ್ಷೆಯ ಮಕ್ಕಳಿಗೆ ಹೋಗುತ್ತದೆ, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರಲು ಕಲಿತಿದ್ದೇನೆ ಎಂಬ 12ನೇ ವಚನ ಹಿಂದೆಯೇ ಉಳಿಯುತ್ತದೆ. ಹೀಗೆ ಕಿತ್ತ ವಚನ ಬೆಳಗ್ಗೆ ಎದೆ ಉಬ್ಬಿಸುತ್ತದೆ, ಮಧ್ಯಾಹ್ನಕ್ಕೆ ಗಾಳಿ ಹೋಗಿರುತ್ತದೆ. ಇಡೀ ವಾರ ಒಂದೇ ಭಾಗ ಎಂಬ ಹಟ ಹುಟ್ಟಿದ್ದು ಇದರಿಂದಲೇ. 300 ಪ್ರತಿ ಕಿರುಪುಸ್ತಕವನ್ನೂ ಅಚ್ಚು ಹಾಕಿಸಿದ್ದೆ, ಪ್ರತಿಗೆ 22 ರೂಪಾಯಿ ಬಿದ್ದ ನೆನಪು. ಅರ್ಧಕ್ಕಿಂತ ಹೆಚ್ಚು ಈಗಲೂ ಚರ್ಚಿನ ವೆಸ್ಟ್ರಿ ಕೋಣೆಯ ಕಪಾಟಿನಲ್ಲಿವೆ.

ಧ್ವನಿ ಸಂದೇಶಕ್ಕೆ ಬಂದಾಗ ಮೊದಲ ತಪ್ಪು ಗ್ರೂಪು ಮಾಡಿದ್ದು. ಗ್ರೂಪಿನಲ್ಲಿ 'ಆಮೆನ್' ಬೀಳುವುದನ್ನು ನೋಡಿ ಹಿಗ್ಗಬೇಡಿ. ಸಂದೇಶ ಬಂದು ಹತ್ತು ಸೆಕೆಂಡಿಗೆ ಆಮೆನ್ ಬರುತ್ತದೆ, ಸಂದೇಶವೇ ಎರಡು ನಿಮಿಷದ್ದು! ಪರೀಕ್ಷೆಗೆಂದು ಕೊನೆಯ ಇಪ್ಪತ್ತು ಸೆಕೆಂಡಿನೊಳಗೆ ಒಂದು ಸಣ್ಣ ಪ್ರಶ್ನೆ ಸೇರಿಸಿ ನೋಡಿ. ನನಗೆ ಅರವತ್ತು ಚಿಲ್ಲರೆ ಆಮೆನ್ ಬಂದ ದಿನ ಪ್ರಶ್ನೆಗೆ ಉತ್ತರ ಬಂದದ್ದು ಹನ್ನೊಂದು. ಸಂದೇಶದ ಮಾಹಿತಿ ತೆರೆದರೆ ಯಾರು ಕೇಳಿದರು ಎಂಬುದೂ ಕಾಣುತ್ತದೆ. ನೀಲಿ ಟಿಕ್ ಬಾರದಂತೆ ಇಟ್ಟುಕೊಂಡವರದ್ದೂ ಧ್ವನಿ ಸಂದೇಶದ ಮಟ್ಟಿಗೆ ಕಾಣುತ್ತದೆ. ಈ ಲೆಕ್ಕ ನಿಮ್ಮಲ್ಲೇ ಇರಲಿ, ಅದನ್ನು ಹಿಡಿದುಕೊಂಡು ಯಾರನ್ನೂ ಕೇಳಲು ಹೋಗಬೇಡಿ.

ಈಗ ಬ್ರಾಡ್‌ಕಾಸ್ಟ್ ಪಟ್ಟಿಯೇ ಗತಿ, ಅಂದರೆ ಒಂದೇ ಸಂದೇಶ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ವ್ಯವಸ್ಥೆ. ಒಂದು ಪಟ್ಟಿಗೆ 256 ಜನ. ಉತ್ತರ ಒಬ್ಬೊಬ್ಬರಿಂದ ಖಾಸಗಿಯಾಗಿ ಬರುತ್ತದೆ, ಪಕ್ಕದ ಮನೆಯವರಿಗೆ ಕಾಣುವುದಿಲ್ಲ. ಅದೇ ಇದರ ಜೀವ. ಒಂದು ತೊಡಕಿದೆ: ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿರದಿದ್ದರೆ ಸಂದೇಶ ಅವರಿಗೆ ತಲುಪುವುದೇ ಇಲ್ಲ, ನಿಮಗೆ ಸೂಚನೆಯೂ ಬರುವುದಿಲ್ಲ. ಮೊದಲ ತಿಂಗಳು ಎಪ್ಪತ್ತು ಜನಕ್ಕೆ ಹೀಗೇ ಹೋಗಿರಲಿಲ್ಲ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಅವರ ಫೋನಿನಲ್ಲೇ ಸೇವ್ ಮಾಡಿಸಿ, ಅವರಿಂದಲೇ ಒಂದು ಸಂದೇಶ ಹಾಕಿಸಿಕೊಳ್ಳಿ. ತಾವಾಗಿ ಕೇಳದವರ ನಂಬರು ಸೇರಿಸಲೇಬೇಡಿ.

ಎರಡು ನಿಮಿಷಕ್ಕೆ ಕನ್ನಡದಲ್ಲಿ 190ರಿಂದ 200 ಪದ ಸಾಕು. 260 ಬರೆದುಕೊಂಡರೆ ಓಟ ಶುರುವಾಗುತ್ತದೆ, ಚರ್ಚಿನ ಪ್ರಸಂಗದ ದನಿ ಬರುತ್ತದೆ. ಹಂಚಿಕೆ ಹೀಗೆ: ವಚನಕ್ಕೆ ಇಪ್ಪತ್ತೈದು ಸೆಕೆಂಡು, ಅದೇ ವಚನ ಮನೆಮಾತಿನಲ್ಲಿ ಮೂವತ್ತು, ಇವತ್ತಿನ ಕೆಲಸಕ್ಕೆ ನಲವತ್ತು, ಉಳಿದದ್ದು ಪ್ರಾರ್ಥನೆ. ಮನೆಮಾತು ಏಕೆಂದರೆ ಹಳೇ ಅನುವಾದದ ಕನ್ನಡ ಅಜ್ಜಿಯರಿಗೆ ಬಾಯಿಪಾಠ, ಮೊಮ್ಮಕ್ಕಳಿಗೆ ಅದು ಬೇರೆಯೇ ಭಾಷೆ. ಕಥೋಲಿಕ ಕುಟುಂಬಗಳೂ ಕೇಳುತ್ತವೆ. ಒಂದು ಅನುವಾದದಲ್ಲಿ 'ಯೆಹೋವ' ಇರುವ ಕಡೆ ಇನ್ನೊಂದರಲ್ಲಿ 'ಸರ್ವೇಶ್ವರ' ಇರುತ್ತದೆ. ನಾನು ಓದುವಾಗ ಸತ್ಯವೇದದಲ್ಲಿ ಇದ್ದಂತೆ ಓದಿ, ಮನೆಮಾತಿನಲ್ಲಿ 'ದೇವರು' ಎಂದು ಬಿಡುತ್ತೇನೆ. 'ನಾವೆಲ್ಲರೂ ಮಾಡಬೇಕಾಗಿದೆ' ಎಂಬ ಕ್ರಿಯಾಪದ ಬಂತೆಂದರೆ ಯಾರೂ ಮಾಡುವುದಿಲ್ಲ. 'ನೀವು ಇವತ್ತು ಮಾಡಿ ನೋಡಿ' ಅನ್ನಬೇಕು.

ಒಂದು ವಾರ ಹೇಗೆ ಹೋಗುತ್ತದೆ ಎಂಬುದಕ್ಕೆ ಎಫೆಸ 4:25ರಿಂದ 32 ತೆಗೆದುಕೊಳ್ಳಿ. ಎಂಟು ವಚನ, 26 ಮತ್ತು 27 ಒಟ್ಟಿಗೆ ಹೋಗುತ್ತವೆ, ಸರಿಯಾಗಿ ಏಳು ದಿನ.

ಸೋಮವಾರ ಸುಳ್ಳು. 'ಸತ್ಯವಂತರಾಗಿರಿ' ಅಂದರೆ ಏನೂ ಹೇಳಿದಂತಾಗಲಿಲ್ಲ. ಇವತ್ತು ಯಾರಾದರೂ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿದಾಗ, ಬಚ್ಚಲ ಬಾಗಿಲಲ್ಲಿ ನಿಂತುಕೊಂಡು 'ಹೊಂಟೇನಿ, ದಾರ್ಯಾಗದೇನಿ' ಅನ್ನಬೇಡಿ. ಇಷ್ಟೇ ಕೆಲಸ. ಆ ರಾತ್ರಿ ಬಂದಷ್ಟು ನಗು ಮತ್ತು ಸೊನ್ನೆ ಬೇರೆ ಯಾವ ದಿನವೂ ಬಂದಿಲ್ಲ. ಮಂಗಳವಾರ ಸಿಟ್ಟು, ಸೂರ್ಯ ಮುಳುಗುವ ಮೊದಲು. ಬೆಳಗಿನ ಸಂದೇಶ ಸಂಜೆಗೆ ಮರೆತಿರುತ್ತದೆ. ಆ ಒಂದು ದಿನ ಐದು ಗಂಟೆಗೆ 'ಇನ್ನೊಂದೂವರೆ ತಾಸು ಇದೆ' ಎಂಬ ಒಂದೇ ಸಾಲು ಹಾಕುತ್ತೇನೆ. ಬುಧವಾರ ಕಳ್ಳತನದ ವಚನ. ಇದು ನಮಗಲ್ಲ ಎಂದು ಎಲ್ಲರೂ ದಾಟಿಬಿಡುತ್ತಾರೆ. ಕೆಲಸ: ಮನೆಯಲ್ಲಿರುವ ಬೇರೆಯವರ ವಸ್ತು ಒಂದನ್ನು ವಾಪಸು ಕೊಡಿ. ಟಿಫನ್ ಡಬ್ಬಿ, ಕೊಡೆ, ಏಣಿ, ಕೈಗಡ ಪಡೆದ ಇನ್ನೂರು ರೂಪಾಯಿ. ಡಬ್ಬಿಯನ್ನು ಖಾಲಿ ಕೊಡಬೇಡಿ, ಏಕೆಂದರೆ ವಚನದ ದ್ವಿತೀಯಾರ್ಧ ಕೊರತೆಯಲ್ಲಿರುವವನಿಗೆ ಕೊಡಲಿಕ್ಕೆ ದುಡಿಯಬೇಕೆನ್ನುತ್ತದೆ. ಗುರುವಾರ ಕಟ್ಟುವ ಮಾತು: ನಿಮ್ಮಿಂದ ಬರೀ ಅಪ್ಪಣೆ ಕೇಳುವ ಒಬ್ಬರಿಗೆ ಅಪ್ಪಣೆಯಿಲ್ಲದ ಒಂದು ವಾಕ್ಯ.

ಶುಕ್ರವಾರ ನಾನು ಇನ್ನೂ ಗೆದ್ದಿಲ್ಲ. ಪವಿತ್ರಾತ್ಮನನ್ನು ದುಃಖಪಡಿಸಬೇಡಿ ಎಂಬ 30ನೇ ವಚನಕ್ಕೆ ಕೈಯಿಂದ ಮಾಡುವ ಕೆಲಸ ಸಿಗುವುದಿಲ್ಲ. ಎರಡು ನಿಮಿಷ ಸುಮ್ಮನೆ ಕೂತು ನೋಡಿ ಅನ್ನುತ್ತೇನೆ, ಉತ್ತರ ಅರ್ಧಕ್ಕೆ ಇಳಿಯುತ್ತದೆ. ಶನಿವಾರದ ವಚನದಲ್ಲಿ ಕಹಿ, ಕೋಪ, ಕೂಗಾಟ, ದೂಷಣೆ ಎಲ್ಲ ಒಟ್ಟಿಗಿವೆ. ಎಲ್ಲ ಹಿಡಿಯಬೇಡಿ, ಒಂದೇ ಸಾಕು: ಎದುರಿಗಿಲ್ಲದವರ ಮಾತು ಇವತ್ತು ಎತ್ತುವುದಿಲ್ಲ.

ಭಾನುವಾರ ಕ್ಷಮೆ, ಇಲ್ಲಿ ಬಹಳ ಎಚ್ಚರ. ಮೊದಲ ಸುತ್ತಿನಲ್ಲಿ 'ಅವರಿಗೆ ಫೋನ್ ಮಾಡಿ' ಎಂದು ಹೇಳಿಬಿಟ್ಟಿದ್ದೆ. ತಾನು ತಪ್ಪು ಮಾಡಿದ್ದೇನೆಂದೇ ಗೊತ್ತಿಲ್ಲದವನಿಗೆ ಫೋನ್ ಮಾಡಿ 'ನಿನ್ನನ್ನು ಕ್ಷಮಿಸಿದ್ದೇನೆ' ಅಂದರೆ ಹೊಸ ಜಗಳ ಹುಟ್ಟುತ್ತದೆ, ಹುಟ್ಟಿತು ಕೂಡ. ಈಗ ಹೇಳುವುದು: ಒಂದು ಚೀಟಿಯಲ್ಲಿ ಹೆಸರು ಬರೆದು ಆ ಪುಟದಲ್ಲಿಡಿ, ಹೆಸರು ಹಿಡಿದು ಪ್ರಾರ್ಥಿಸಿ, ಫೋನ್ ಬೇಡ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಣ್ಣುಮಗಳೂ ಇದನ್ನು ಕೇಳುತ್ತಿರುತ್ತಾಳೆ ಎಂಬುದು ನೆನಪಿರಲಿ. ಕ್ಷಮಿಸುವುದೆಂದರೆ ಹೊಡೆತ ಸಹಿಸುವುದಲ್ಲ ಎಂಬ ಸಾಲು ಆ ದಿನ ಸೇರಲೇಬೇಕು. ಅಂಥವರ ಸಂಗತಿ ಎದುರು ಕೂತು ಮಾತಾಡುವಂಥದ್ದು, ಫೋನಿನಲ್ಲಿ ಮುಗಿಸುವಂಥದ್ದಲ್ಲ.

ರಾತ್ರಿ ಒಂಬತ್ತಕ್ಕೆ ಒಂದೇ ಪ್ರಶ್ನೆ: ಆಯಿತೇ? ಮಾಡಿದ್ದರೆ 1, ಇಲ್ಲದಿದ್ದರೆ 0. ಸೊನ್ನೆಗೆ ಬೈಗುಳವಿಲ್ಲ, ಉಪದೇಶವೂ ಇಲ್ಲ. ಇದನ್ನು ಜನ ನಂಬಲು ಸುಮಾರು ಆರು ವಾರ ಬೇಕಾಯಿತು. ಅಲ್ಲಿಯವರೆಗೆ ಎಲ್ಲರೂ 1 ಅನ್ನೇ ಒತ್ತುತ್ತಿದ್ದರು. ಸೊನ್ನೆಗಳು ಬರಲು ಶುರುವಾದ ಮೇಲೆಯೇ ಇದು ಹಿಡಿಯಿತು ಎಂದು ನನಗೆ ಖಾತ್ರಿಯಾದದ್ದು. ಮೂರು ದಿನ ಸತತ ಸೊನ್ನೆ ಬಂದವರಿಗೆ ನಾನು ಏನು ಕಳಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಸಭೆಯ ಗುಟ್ಟು. ಇಬ್ರಿಯ 3:13 ಪ್ರತಿದಿನ ಒಬ್ಬರನ್ನೊಬ್ಬರು ಎಚ್ಚರಿಸಿ ಅನ್ನುತ್ತದೆ. ಆ 'ಒಬ್ಬರನ್ನೊಬ್ಬರು' ಎಂಬಲ್ಲಿ ಸುಳಿವು ಇದೆ.

ರೆಕಾರ್ಡಿಂಗಿಗೆ 850 ರೂಪಾಯಿಯ ಕಾಲರ್ ಮೈಕು, ಮೇಲೆ ಒಂದು ಕಂಬಳಿ. ಫ್ಯಾನ್ ನಿಲ್ಲಿಸಿ, ಫ್ರಿಜ್ಜಿನ ಕೋಣೆ ಬಿಡಿ. ನಸುಕಿನಲ್ಲಿ ಕೂತರೆ ಕೋಳಿ, ನೀರಿನ ಮೋಟರು, ಸುಪ್ರಭಾತ ಎಲ್ಲ ಸೇರುತ್ತವೆ. ಮಧ್ಯಾಹ್ನ ಎರಡೂವರೆ ಒಳ್ಳೆಯದು. ಏಳನ್ನೂ ಒಂದೇ ಕೂರಿಕೆಯಲ್ಲಿ ಮಾಡಿದರೆ ಐದನೆಯದರಿಂದ ದನಿ ಸಾಯುತ್ತದೆ. ನಾಲ್ಕು ಮತ್ತು ಮೂರು ಎಂದು ಒಡೆಯಿರಿ. ಕಳಿಸುವ ಹೊತ್ತು ಬೆಳಗ್ಗೆ 5:50. ಹುಬ್ಬಳ್ಳಿ ಕಡೆ ನಳದ ನೀರು ಬರುವ ದಿನ ಯಾರೂ ಕೇಳುವುದಿಲ್ಲ, ಆ ವಾರ್ಡಿನವರು ಮಧ್ಯಾಹ್ನ ಕೇಳುತ್ತಾರೆ, ಚಿಂತೆ ಬೇಡ.

ಮೊದಲೇ ರೆಕಾರ್ಡ್ ಮಾಡಿಡುವುದರಲ್ಲಿ ಒಂದು ಅಪಾಯವಿದೆ. ಸಭೆಯಲ್ಲಿ ಯಾರಾದರೂ ತೀರಿಕೊಂಡು ಮಣ್ಣು ಆದ ಮರುದಿನ ಬೆಳಗ್ಗೆ, ಸಕಲವೂ ಒಳಿತಿಗಾಗಿ ಎಂಬ ರೋಮಾಪುರ 8:28 ತಾನಾಗಿ ಹೋಗಬಾರದು. ನನ್ನಿಂದ ಒಮ್ಮೆ ಹೋಗಿದೆ. ಈಗ ಆರು ಸಂದೇಶ ಕಾಯ್ದಿಟ್ಟಿದ್ದೇನೆ, ಕೆಲಸವಿಲ್ಲದವು: ಬೈಬಲಿನ ಒಂದು ಕೀರ್ತನೆ, ಒಂದು ಪ್ರಾರ್ಥನೆ, ಐವತ್ತು ಸೆಕೆಂಡು. ಕೀರ್ತನೆ 88 ಅದರಲ್ಲೊಂದು. ಸಾಂತ್ವನವಿಲ್ಲದೆ ಮುಗಿಯುವ ಕೀರ್ತನೆ ಏಕೆ ಎಂದು ಹಿರಿಯರು ಕೇಳಿದರು. ಮಣ್ಣಾದ ಮನೆಯವರು ಯಾರೂ ಕೇಳಲಿಲ್ಲ.

ಮಧ್ಯೆ ಚೀಟಿ ಎತ್ತಿ ವಚನ ಆರಿಸುವುದನ್ನೂ ಮಾಡಿ ನೋಡಿದೆ. ಜರ್ಮನಿಯ ಹೆರ್ನ್‌ಹೂಟ್‌ನ ಮೊರಾವಿಯನ್ನರು ಎಂಬ ಕ್ರೈಸ್ತ ಪಂಗಡದವರು 1731ರಿಂದ ದಿನವಚನದ ಪುಸ್ತಕ ಅಚ್ಚು ಹಾಕುತ್ತಿದ್ದಾರೆ. ಹಳೇ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಆರಿಸುತ್ತಾರೆ. ನಾನು ಡಬ್ಬಿಗೆ ಕಂಡ ಕಂಡ ಅಧ್ಯಾಯಗಳನ್ನೆಲ್ಲ ಹಾಕಿದ್ದೆ. ಎರಡನೇ ದಿನವೇ ಪೂರ್ವಕಾಲವೃತ್ತಾಂತದ ವಂಶಾವಳಿ ಬಂತು. ಅವರು ಮೊದಲೇ ಆರಿಸಿಟ್ಟ ಸುಮಾರು 1,800 ವಚನಗಳಿಂದ ಎತ್ತುತ್ತಾರೆ ಎಂಬುದು ಆಮೇಲೆ ಹೊಳೆಯಿತು. ಮನೆಕೂಟಕ್ಕೆ ಅದು ಚೆನ್ನ, ಕೆಲಸ ಕೊಡುವ ಕ್ರಮಕ್ಕೆ ಹೊಂದುವುದಿಲ್ಲ.

ಕಸುಬಿಗೆ ತಕ್ಕ ಕೆಲಸ ಕೊಡುವ ಪ್ರಯೋಗ ಮಾತ್ರ ಚೆನ್ನಾಗಿ ನಡೆದಿದೆ. ಧರ್ಮೋಪದೇಶಕಾಂಡ 24:15ರ ದಿನ ಮೇಸ್ತ್ರಿ, ಕಂಟ್ರಾಕ್ಟರುಗಳಿಗೆ ಬೇರೆ ಪಟ್ಟಿ: ಇವತ್ತಿನ ಕೂಲಿ ಇವತ್ತೇ, ಹೊತ್ತು ಮುಳುಗುವ ಮೊದಲು, ಚಿಲ್ಲರೆ ಸಮೇತ. ಅಂಗಡಿಯವರಿಗೆ ಜ್ಞಾನೋಕ್ತಿ 11:1, ತಕ್ಕಡಿ ಸೊನ್ನೆಯಲ್ಲಿದೆಯೇ ನೋಡಿ. ಹನ್ನೆರಡು ಜನ ಮೇಸ್ತ್ರಿಗಳಲ್ಲಿ ಮೊದಲ ಸಲ 1 ಒತ್ತಿದವರು ನಾಲ್ಕು, ಮೂರನೇ ಸಲಕ್ಕೆ ಒಂಬತ್ತು.

ಈಗ ತಿಂಗಳ ಖರ್ಚು ರೀಚಾರ್ಜಿನ ಮುನ್ನೂರು ಚಿಲ್ಲರೆ, ಅಷ್ಟೇ. ಉಳಿದಿರುವುದು ಗುಂಡಿ ಫೋನಿನ ಹಿರಿಯರು, ಸುಮಾರು ಹದಿನೆಂಟು ಜನ. ಯುವಕೂಟದ ಆರು ಮಕ್ಕಳು ತಲಾ ಮೂವರಿಗೆ ಬೆಳಗ್ಗೆ ಕರೆ ಮಾಡಿ ಸ್ಪೀಕರಿನ ಮೂಲಕ ಕೇಳಿಸುತ್ತಾರೆ. ಕರೆ ನಾಲ್ಕು ನಿಮಿಷದೊಳಗೆ ಮುಗಿಯಬೇಕೆಂದು ನಿಯಮ ಮಾಡಿದ್ದೆವು, ಇಪ್ಪತ್ತು ನಿಮಿಷವಾಗುತ್ತಿದೆ. ಆ ನಿಯಮ ತೆಗೆದುಹಾಕಿದ್ದೇವೆ.