ವಾರ್ಡಿನ ಗಡಿ ಬದಲಾದಾಗ ಆಕ್ಷೇಪಣೆ ಬರೆಯುವುದು ಹೇಗೆ?

ಅಮೆರಿಕದಲ್ಲಿ ಮತಕ್ಷೇತ್ರದ ನಕ್ಷೆಗಾಗಿ ನಡೆಯುವ ಜಗಳಕ್ಕೆ ಇನ್ನೂರು ವರ್ಷ ದಾಟಿದೆ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಗೆರೆ ಎಳೆಯುವುದು ಶಾಸನಸಭೆಯೇ. ಪಕ್ಷದ ಲಾಭಕ್ಕೆ ಎಳೆದ ಗೆರೆಯನ್ನು ಫೆಡರಲ್ ಕೋರ್ಟುಗಳು ವಿಚಾರಿಸುವಂತಿಲ್ಲ ಎಂದು 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. 2025ರಲ್ಲಿ ಟೆಕ್ಸಾಸ್ ಮುಂದಿನ ಜನಗಣತಿಗೂ ಕಾಯದೆ ನಕ್ಷೆ ತಿದ್ದಿತು, ಕ್ಯಾಲಿಫೋರ್ನಿಯಾ ತಾನೂ ತಿದ್ದಿ ಉತ್ತರ ಕೊಟ್ಟಿತು.

ನಮ್ಮಲ್ಲಿ ಶಾಸಕರ, ಸಂಸದರ ಕ್ಷೇತ್ರಗಳನ್ನು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯ ಆಯೋಗ ವಿಂಗಡಿಸುತ್ತ ಬಂದಿದೆ. 2008ರಲ್ಲಿ ಚಿಕ್ಕೋಡಿ ಲೋಕಸಭಾ ಕ್ಷೇತ್ರ ಸಾಮಾನ್ಯ ಕ್ಷೇತ್ರವಾಗಿ, ವಿಜಯಪುರ ಮೀಸಲು ಕ್ಷೇತ್ರವಾಗಿ ಬದಲಾದದ್ದು ಅಂಥ ಆಯೋಗದ ಆದೇಶದಿಂದ. ಆದರೆ ಪಾಲಿಕೆಯ ವಾರ್ಡುಗಳನ್ನು ಗೊತ್ತುಪಡಿಸುವುದು ರಾಜ್ಯ ಸರ್ಕಾರ, ಅಂದರೆ ಆಗ ಅಧಿಕಾರದಲ್ಲಿರುವ ಪಕ್ಷ. ಬೆಳಗಾವಿಯವರು ಕಣ್ಣಿಡಬೇಕಾದದ್ದು ಇಲ್ಲಿಯೇ.

ಮೊದಲು ಲೆಕ್ಕ

2011ರ ಜನಗಣತಿಯಂತೆ ಬೆಳಗಾವಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 4.88 ಲಕ್ಷ. ವಾರ್ಡು 58. ಸರಾಸರಿ ಒಂದು ವಾರ್ಡಿಗೆ 8,400 ಮಂದಿ. ನಿಮ್ಮ ವಾರ್ಡಿನ ಸಂಖ್ಯೆ ಇದಕ್ಕಿಂತ ತೀರಾ ಹೆಚ್ಚಿದ್ದರೆ ನಿಮ್ಮ ಮತದ ತೂಕ ಕಡಿಮೆಯಾಯಿತು ಎಂದೇ ಅರ್ಥ.

ಆದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ನಕ್ಷೆ ನ್ಯಾಯವಾಗಿದೆ ಎನ್ನುವಂತಿಲ್ಲ. ಐದು ವಾರ್ಡು, ತಲಾ 100 ಮತದಾರರು ಎಂದಿಟ್ಟುಕೊಳ್ಳಿ. ಒಂದು ಪಕ್ಷಕ್ಕೆ ಒಟ್ಟು 200 ಮತವಷ್ಟೇ ಇದೆ. ಆ ಮತ 60, 60, 60, 10, 10 ಎಂದು ಹಂಚಿಕೆಯಾಗುವಂತೆ ಗೆರೆ ಎಳೆದರೆ ನೂರಕ್ಕೆ ನಲವತ್ತು ಮತದವರಿಗೆ ಮೂರು ವಾರ್ಡು ಸಿಕ್ಕವು, ಅರವತ್ತರವರಿಗೆ ಎರಡೇ. ಎದುರಾಳಿಗಳನ್ನು ಎರಡು ವಾರ್ಡಿನಲ್ಲಿ ತುಂಬಿ, ಉಳಿದವರನ್ನು ಚೂರುಚೂರಾಗಿ ಹಂಚಿದರೆ ಆಯಿತು. ಎಲ್ಲ ವಾರ್ಡುಗಳ ಜನಸಂಖ್ಯೆ ಸಮವಾಗಿಯೇ ಇದೆ, ಯಾರ ಹೆಸರೂ ಪಟ್ಟಿಯಿಂದ ಬಿಟ್ಟಿಲ್ಲ. ನನ್ನನ್ನು ಕಾಡುವುದು ಇದೇ.

ಆಮೇಲೆ ಚೆಕ್ಕುಬಂದಿ

ಗಡಿ ಅಂತಿಮವಾಗುವ ಮುನ್ನ ಆಕ್ಷೇಪಣೆ ಕೇಳಿ ಹೊರಡಿಸುವ ಕರಡು ಅಧಿಸೂಚನೆಯಲ್ಲಿ ಪ್ರತಿ ವಾರ್ಡಿನ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮದ ಗಡಿಗಳನ್ನು ರಸ್ತೆ, ನಾಲೆ, ರೈಲು ಹಳಿಗಳ ಹೆಸರಿನಲ್ಲಿ ಬರೆದಿರುತ್ತಾರೆ. ಮನೆಯಲ್ಲಿ ಕೂತು ಓದಿದರೆ ತಲೆಬುಡ ತಿಳಿಯದು. ಹಳೆಯ, ಹೊಸ ಅಧಿಸೂಚನೆ ಎರಡನ್ನೂ ಕೈಯಲ್ಲಿ ಹಿಡಿದು ಗಡಿಯ ಗುಂಟ ನಡೆಯಿರಿ. ಗೆರೆ ದೊಡ್ಡ ರಸ್ತೆಯ ಜೊತೆ ಹೋಗುತ್ತಿದೆಯೋ, ನಡುವೆ ಒಂದು ಗಲ್ಲಿಯನ್ನಷ್ಟೇ ಎತ್ತಿಕೊಳ್ಳಲು ಒಳಗೆ ತಿರುಗಿದೆಯೋ ನೋಡಿ. ವಡಗಾವಿಯ ನೇಕಾರರ ಓಣಿಗಳು ನಾಲ್ಕು ವಾರ್ಡಿಗೆ ಹರಿದುಹೋದವು ಎಂದುಕೊಳ್ಳಿ; ಆಗ ನಾಲ್ಕೂ ಕಡೆ ಅವರು ಅಲ್ಪಸಂಖ್ಯಾತರು, ಅವರ ಮಾತಿಗೆ ಕಟ್ಟುಬಿದ್ದ ಸದಸ್ಯ ಒಬ್ಬನೂ ಇರುವುದಿಲ್ಲ. ಕನ್ನಡ, ಮರಾಠಿ, ಉರ್ದು ಮಾತಾಡುವವರು ಒತ್ತೊತ್ತಾಗಿ ಬದುಕುವ ಈ ಊರಿನಲ್ಲಿ ಒಂದು ಓಣಿ ಆಚೀಚೆಯಾದರೂ ಫಲಿತಾಂಶ ಬದಲಾದೀತು.

ಜನಸಂಖ್ಯೆಯ ವಿವರ ಬೇಕೆಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೂರಬೇಡಿ. ಅದರ ಉತ್ತರಕ್ಕೆ 30 ದಿನ ಕಾಲಾವಕಾಶವಿದೆ. ಅಷ್ಟರಲ್ಲಿ ಆಕ್ಷೇಪಣೆಯ ಗಡುವು ಮುಗಿದಿರಬಹುದು. ಕಚೇರಿಗೇ ಹೋಗಿ ಕೇಳಿ.

ಆಕ್ಷೇಪಣೆ

ಒಂದೇ ಪುಟ ಸಾಕು. ವಾರ್ಡ್ ಸಂಖ್ಯೆ, ಯಾವ ದಿಕ್ಕಿನ ಗಡಿ, ಹಿಂದೆ ಎಲ್ಲಿತ್ತು, ಈಗ ಎಲ್ಲಿದೆ, ಎಷ್ಟು ಮನೆಗಳು ಅತ್ತಿತ್ತ ಹೋದವು ಎಂದು ಬರೆಯಿರಿ. ಪಕ್ಷದ ಹೆಸರು ಬೇಡ. ಮುಖ್ಯವಾಗಿ, ಗೆರೆ ಎಲ್ಲಿ ಹೋಗಬೇಕು ಎಂದು ನೀವೇ ಸೂಚಿಸಿ, ಕೈಯಲ್ಲಿ ಬರೆದ ನಕ್ಷೆ ಲಗತ್ತಿಸಿ. ಬರೀ 'ಅನ್ಯಾಯವಾಗಿದೆ' ಎಂದರೆ ಅಧಿಕಾರಿಗೆ ತಿದ್ದಲು ಏನೂ ಸಿಗುವುದಿಲ್ಲ. ಮೀಸಲಾತಿಯ ತಕರಾರಿದ್ದರೆ ಅದನ್ನು ಬೇರೆಯಾಗಿ ಕೊಡಿ.

ಅಧಿಸೂಚನೆಯಲ್ಲಿ ಹೇಳಿದ ಕಚೇರಿಯ ಟಪಾಲು ವಿಭಾಗದಲ್ಲಿ ಗಡುವಿನೊಳಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ಈ ಪ್ರತಿ ಬೇಕು. ಅಲ್ಲಿನ ದಾರಿ ಕಿರಿದು: ಸಂವಿಧಾನದ 243ಝಡ್‌ಜಿ ವಿಧಿ ವಾರ್ಡ್ ವಿಂಗಡಣೆಯ ಪ್ರಶ್ನೆಗಳನ್ನು ಕೋರ್ಟಿನಿಂದ ದೂರ ಇಡುತ್ತದೆ. ಕ್ಷೇತ್ರ ವಿಂಗಡಣೆಯ ಆದೇಶ ಎದ್ದು ಕಾಣುವಷ್ಟು ಮನಬಂದಂತೆ ಇದ್ದರೆ ಕೋರ್ಟು ಪರಿಶೀಲಿಸಬಹುದು ಎಂದು 2024ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಆದರೂ ಗೆರೆ ಸುಲಭವಾಗಿ ಸರಿಯುವುದು ಅದು ಇನ್ನೂ ಕರಡಾಗಿರುವಾಗಲೇ.

ಅಂತಿಮ ಅಧಿಸೂಚನೆ ಬಂದಾಗ ಮತ್ತೆ ಹೋಲಿಸಿ. ಬಳಿಕ ವಾರ್ಡುವಾರು ಮತದಾರರ ಪಟ್ಟಿಯಲ್ಲಿ ನಿಮ್ಮ ಮನೆಯ ಜೊತೆ ಗಡಿಯ ಓಣಿಯ ಮನೆಗಳೂ ಸರಿಯಾದ ವಾರ್ಡಿನಲ್ಲಿವೆಯೇ ನೋಡಿ.