ಕಿಟಕಿ ಕಡೆ, ಬಾಗಿಲ ಕಡೆ

ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷದಲ್ಲಿ ಜಿಲ್ಲಾಸ್ಪತ್ರೆಯೊಂದರ ಮೆಡಿಕಲ್ ವಾರ್ಡಿಗೆ ಪೋಸ್ಟಿಂಗ್ ಬಿದ್ದಿತ್ತು. ನನಗೆ ಸಿಕ್ಕ ಪೇಷಂಟ್ ಲಕ್ವ ಹೊಡೆದ ಒಬ್ಬ ತಾತ. ಬಲಗೈ, ಬಲಗಾಲು ಆಡುತ್ತಿರಲಿಲ್ಲ. ಬ್ರೇಡನ್ ಸ್ಕೋರ್ ಹಾಕಿದೆ, 12 ಬಂತು. 18 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಮೈ ಹುಣ್ಣಾಗುವ ಭಯ ಅಂತ ಲೆಕ್ಕ. ಬಲ ಹಿಮ್ಮಡಿ ಆಗಲೇ ಕೆಂಪಾಗಿತ್ತು.

ಸೀನಿಯರ್ಸ್ ಹೇಳಿದ್ದ ಉಪಾಯ ನೆನಪಾಯಿತು. ಗ್ಲೌಸಿಗೆ ನೀರು ತುಂಬಿ, ಗಂಟು ಹಾಕಿ, ಹಿಮ್ಮಡಿ ಕೆಳಗೆ ಇಟ್ಟೆ. ಹೊಸ ಐಡಿಯಾ ತನ್ನಿ ಅಂತ ಕಾಲೇಜಲ್ಲಿ ಹೇಳಿದ್ದರು. ಅದಕ್ಕೆ ಥರ್ಮಾಕೋಲ್ ಮಾಡೆಲ್ ಮಾಡುವುದಕ್ಕಿಂತ ಇದು ವಾಸಿ ಅಲ್ವಾ ಅಂತ ಒಳಗೊಳಗೇ ಖುಷಿ.

ಇನ್‌ಚಾರ್ಜ್ ಸಿಸ್ಟರ್ ಬೈಯಲಿಲ್ಲ. ಕೆಂಪು ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟರು. "ಬಿಳಿಚಿಕೊಳ್ತಾ?" ಇಲ್ಲ, ಕೆಂಪು ಹಾಗೇ ಇತ್ತು. ಅಂದರೆ ಪೆಟ್ಟು ಆಗಲೇ ಶುರುವಾಗಿದೆ. "ನಮ್ಮವರ ಮೈಬಣ್ಣಕ್ಕೆ ಕೆಂಪು ಬೇಗ ಕಾಣಲ್ಲ. ಕೈಯಿಟ್ಟು ನೋಡು, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ" ಎಂದರು. ಆಮೇಲೆ ಗ್ಲೌಸ್ ಎತ್ತಿಟ್ಟು, ಕಂಬಳಿ ಮಡಿಸಿ ಮೀನಖಂಡದ ಉದ್ದಕ್ಕೂ ಕೊಟ್ಟರು. ಹಿಮ್ಮಡಿ ಹಾಸಿಗೆಗೆ ತಾಗದೆ ಮೇಲೆ ನಿಂತಿತು. ನೀರಿನ ಗ್ಲೌಸ್ ಇಟ್ಟರೂ ಹಿಮ್ಮಡಿ ಮೇಲೆ ಭಾರ ಬೀಳುತ್ತಲೇ ಇರುತ್ತದೆ. ಅಲ್ಲಿ ಏನೂ ತಾಗಬಾರದು. ಕೆಂಪಾದ ಜಾಗ ಉಜ್ಜಲೂಬಾರದು.

ಇನ್ನು ಮಗ್ಗಲು ಬದಲಿಸುವುದು. ಎರಡು ಗಂಟೆಗೊಮ್ಮೆ ಎಡಕ್ಕೆ, ಅಂಗಾತ, ಬಲಕ್ಕೆ. ಪೂರ್ತಿ ಮಗ್ಗುಲಾಗಿ ಅಲ್ಲ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ. ಇಲ್ಲದಿದ್ದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಗೇ ಬೀಳುತ್ತದೆ. ಹಗಲು ನಾವಿರುತ್ತೇವೆ. ರಾತ್ರಿ ಇಡೀ ವಾರ್ಡಿಗೆ ಇದ್ದ ಸಿಸ್ಟರ್ ಒಬ್ಬರೇ, ತಾತನ ಹತ್ತಿರ ಅಜ್ಜಿ ಒಬ್ಬರೇ. ಟೈಮ್‌ಟೇಬಲ್ ಬರೆದು ಮಂಚಕ್ಕೆ ಅಂಟಿಸಿದೆ. ಬೆಳಿಗ್ಗೆ ಬಂದರೆ ತಾತ ಅಂಗಾತವೇ ಮಲಗಿದ್ದಾರೆ.

"ನಂಗೆ ಓದಕ್ಕೆ ಬರಕಿಲ್ಲ ಕಣವ್ವ. ಎಡಕ್ಕೆ ಅಂದ್ರೆ ಅವರ ಎಡಕ್ಕಾ, ನನ್ನ ಎಡಕ್ಕಾ? ಕಿಟಕಿ ಕಡೆ ಅನ್ನು, ಬಾಗಿಲ ಕಡೆ ಅನ್ನು."

ನನಗೆ ನಾಚಿಕೆಯಾಯಿತು. ಅಷ್ಟು ಹೊತ್ತು ಕೂತು ಬರೆದೆ, ಅಜ್ಜಿಯನ್ನು ಒಂದು ಮಾತು ಕೇಳಲಿಲ್ಲ. ಸಲೈನ್ ಬಾಕ್ಸಿನ ರಟ್ಟು ಕತ್ತರಿಸಿ ಮೂರು ಚಿತ್ರ ಬರೆದೆ: ಕಿಟಕಿ, ಫ್ಯಾನು, ಬಾಗಿಲು. ಒಂದು ಬಟ್ಟೆ ಕ್ಲಿಪ್ ಸಿಕ್ಕಿಸಿದೆ. ತಿರುಗಿಸಿದಾಗಲೆಲ್ಲ ಕ್ಲಿಪ್ ಮುಂದಿನ ಚಿತ್ರಕ್ಕೆ. ಅಜ್ಜಿಯ ಕೀಪ್ಯಾಡ್ ಫೋನಲ್ಲಿ ಅಲಾರಂ ಇಟ್ಟುಕೊಟ್ಟೆ. ತಿರುಗಿಸುವಾಗ ಕೈಜೋಡಿಸಲು ಪಕ್ಕದ ಬೆಡ್ಡಿನವರ ಮಗ ಒಪ್ಪಿಕೊಂಡ. ಎಳೆಯಬೇಡಿ, ಬೆಡ್‌ಶೀಟ್ ಸಮೇತ ಎತ್ತಿ ತಿರುಗಿಸಿ ಅಂತ ಇಬ್ಬರಿಗೂ ಮಾಡಿ ತೋರಿಸಿದೆ.

ಆರನೇ ದಿನ ಹಿಮ್ಮಡಿ ಒತ್ತಿ ನೋಡಿದೆ. ಬಿಳಿಚಿಕೊಂಡು, ಮತ್ತೆ ಬಣ್ಣ ಬಂತು.

ಅದೇ ವಾರ ತಾತನನ್ನು ನಡುಸಾಲಿನ ಬೆಡ್ಡಿಗೆ ಹಾಕಿದರು. ನಾನು ಹೋಗುವಷ್ಟರಲ್ಲಿ ಅಜ್ಜಿ ರಟ್ಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. "ಇಲ್ಲಿ ಕಿಟಕಿ ಎಲ್ಲೈತೆ? ಇತ್ಲಾಗೆ ಸಿಸ್ಟರ್ ಮೇಜು, ಅತ್ಲಾಗೆ ಕಕ್ಕಸು. ಬೇರೆ ಬರ್ಕೊಡು."

ಮೇಜು ಬರೆದೆ. ಕಕ್ಕಸಿಗೆ ಒಂದು ಬಕೆಟ್ ಬರೆದೆ. ಅಜ್ಜಿ ನೋಡಿ, "ಹಿಡಿ ಮರೆತೆ" ಅಂದರು.